ಬಿರುಕು ಹಣೆಬರಹವಲ್ಲ

ಹಡಗು ಮುಂದೆ ಹೋಗುತ್ತದೆ, ಅಲೆ ದಡಕ್ಕೆ ಬರುತ್ತದೆ. ಹಡಗಿನ ವೇಗ, ಕಾಲುವೆಯ ಆಳ, ಅಗಲ ಗೊತ್ತಿದ್ದರೆ ಆ ಅಲೆ ಎಷ್ಟೆತ್ತರ ಏಳುತ್ತದೆಂದು ಮೊದಲೇ ಲೆಕ್ಕ ಹಾಕಬಹುದು. ಯೂರೋಪಿನ ಕಾಲುವೆಗಳಲ್ಲಿ ಈ ಲೆಕ್ಕ ನೋಡಿ ದಡಕ್ಕೆ ಕಲ್ಲು ಕಟ್ಟುತ್ತಾರೆ, ಇಲ್ಲವೆ ಹಡಗಿನ ವೇಗ ತಗ್ಗಿಸುತ್ತಾರೆ. ನಮ್ಮ ಭೀಮಾ ನದಿಯನ್ನೂ 2016ರ ಕಾಯಿದೆ ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಗೆ ಸೇರಿಸಿತು. ಆದರೆ ನಮ್ಮ ಸೀಮೆಗೆ ಹಡಗು ಬರಲಿಲ್ಲ. ಅಲೆ ಮಾತ್ರ ಬಂತು. ಅದು ನೀರಿನ ಮೇಲೆ ಬರುವುದಲ್ಲ, ಕಲ್ಲಿನೊಳಗಿಂದ ಬರುವುದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದರೆ ಸುಣ್ಣಕಲ್ಲಿನ ಸೀಮೆ. ಇಲ್ಲಿನ ಫರಸಿ ಊರೂರಿನ ಮನೆಗಳ ನೆಲವಾಯಿತು, ಇಲ್ಲಿನ ಕಲ್ಲು ಸುಟ್ಟು ಸಿಮೆಂಟಾಯಿತು. ಗಣಿಯಲ್ಲಿ ಮದ್ದು ಸಿಡಿದಾಗ ಒಂದಿಷ್ಟು ಬಲ ಕಲ್ಲೊಡೆಯುವುದಕ್ಕೆ ಖರ್ಚಾಗುತ್ತದೆ. ಮಿಕ್ಕಿದ್ದರಲ್ಲಿ ಒಂದು ಪಾಲು ಅಲೆಯಾಗಿ ನೆಲದೊಳಗೆ ಹರಿಯುತ್ತದೆ. ಅದು ಕೇರಿಗೂ ಬರುತ್ತದೆ. ಕೇರಿಯ ಗೋಡೆ ಎಂದರೆ ಮಣ್ಣು ಮೆತ್ತಿ ಕಲ್ಲು ಜೋಡಿಸಿದ್ದು, ಮೇಲೆ ಫರಸಿ ಹೊದಿಸಿದ ಮಾಳಿಗೆ. ಮಾಡದಲ್ಲಿಟ್ಟ ಗಂಗಾಳ ಕುಣಿಯುತ್ತದೆ. ಗೋಡೆಯಲ್ಲಿ ಕೂದಲೆಳೆಯಂಥ ಗೆರೆ ಬೀಳುತ್ತದೆ. ಮುಂದಿನ ಮಳೆಗಾಲಕ್ಕೆ ಆ ಗೆರೆಯೊಳಗೆ ನೀರು ಇಳಿಯುತ್ತದೆ. ಕೇಳಿದರೆ, “ಏನ್ ಮಾಡೋದ್ರಿಯಪ್ಪಾ, ನಮ್ಮ ಹಣಿಬರಾನೇ ಹಿಂಗದ” ಎನ್ನುತ್ತಾರೆ ನಮ್ಮ ಮುದುಕಿಯರು.

ಈ ‘ಹಣಿಬರ’ ಎಂಬ ಮಾತನ್ನೇ ನಾವು ಹಿಡಿದು ನಿಲ್ಲಿಸಿ ಕೇಳಬೇಕಾಗಿದೆ. ಹಿಂದಿನ ಜನ್ಮದ ಪಾಪಕ್ಕೆ ಈ ಜನ್ಮದ ಹಟ್ಟಿ ಎಂದು ಸಾವಿರಾರು ವರ್ಷ ನಮಗೆ ಹೇಳಿಕೊಟ್ಟರು. ಗಣಿ ಎಂಜಿನಿಯರನ ಸೂತ್ರದಲ್ಲಿ ಹಿಂದಿನ ಜನ್ಮಕ್ಕೆ ಜಾಗವಿಲ್ಲ. ಅಲ್ಲಿರುವುದು ಒಂದು ಕ್ಷಣಕ್ಕೆ ಸಿಡಿಯುವ ಮದ್ದಿನ ತೂಕ, ಮನೆಗಿರುವ ದೂರ, ಮತ್ತು ಆ ಜಾಗದ ಕಲ್ಲಿನ ಗುಣ ಹೇಳುವ ಎರಡು ಅಂಕಿ. ಕೆಲವು ಸಲ ಮದ್ದು ಸಿಡಿಸಿ ಅಳೆದು ನೋಡಿದರೆ ಆ ಅಂಕಿಗಳು ಸಿಗುತ್ತವೆ. ಆಮೇಲೆ ನಾಳಿನ ಮದ್ದಿಗೆ ಯಾವ ಮನೆ ಎಷ್ಟು ನಡುಗುತ್ತದೆಂದು ಇವತ್ತೇ ಅಂದಾಜು ಮಾಡಬಹುದು. ಇನ್ನೂ ಒಂದು ಮಾತು ಆ ಸೂತ್ರದಲ್ಲಿದೆ. ಒಂದು ಕ್ಷಣಕ್ಕೆ ಸಿಡಿಯುವ ಮದ್ದನ್ನು ಕಾಲುಭಾಗಕ್ಕೆ ಇಳಿಸಿದರೆ ಮನೆಯನ್ನೆತ್ತಿ ಇಮ್ಮಡಿ ದೂರಕ್ಕೆ ಒಯ್ದಿಟ್ಟಂತೆ. ಎಲ್ಲ ಕುಳಿಗಳನ್ನೂ ಒಟ್ಟಿಗೆ ಹಾರಿಸದೆ ಮಿಲಿಸೆಕೆಂಡುಗಳ ಅಂತರದಲ್ಲಿ ಸರದಿಯಂತೆ ಹಾರಿಸಿದರೆ ಇದು ಸಾಧ್ಯ. ಖರ್ಚು, ಎಚ್ಚರ ಎರಡೂ ಜಾಸ್ತಿ ಬೇಕು, ಅಷ್ಟೆ.

ಅಂದಮೇಲೆ ಮೊದಲೇ ಗೊತ್ತಿದ್ದು ಬಂದದ್ದು ಹಣೆಬರಹ ಹೇಗಾದೀತು? ಅದು ಯಾರೋ ಮಾಡಿದ ತೀರ್ಮಾನ. ಗೊತ್ತಿಲ್ಲದೆ ಆದದ್ದು ಅಪಘಾತ. ಗೊತ್ತಿದ್ದೂ ಆದದ್ದಕ್ಕೆ ಹೊಣೆಗಾರನಿರುತ್ತಾನೆ. ತಿಳಿವಳಿಕೆ ಎನ್ನುವುದು ಸಾಲದ ಹಾಗೆ, ಪಡೆದವನು ತೀರಿಸಲೇಬೇಕು.

ಇನ್ನು ಮಿತಿಯ ಪ್ರಶ್ನೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರ ಸುತ್ತೋಲೆಯಲ್ಲಿ ನಡುಕಕ್ಕೆ ಮಿತಿ ಹಾಕಿತು. ನಿಧಾನವಾದ ಅಲೆಗೆ, ಅಂದರೆ ಸೆಕೆಂಡಿಗೆ 8ಕ್ಕಿಂತ ಕಡಿಮೆ ಸಲ ತೂಗುವ ಅಲೆಗೆ, ಊರ ಮನೆಯ ನೆಲ ಸೆಕೆಂಡಿಗೆ 5 ಮಿಲಿಮೀಟರಿಗಿಂತ ಹೆಚ್ಚು ವೇಗದಲ್ಲಿ ಅಲುಗಬಾರದು. ಈ ಸಾಲಿನಲ್ಲಿ ಕಚ್ಚಾ ಮನೆ, ಇಟ್ಟಿಗೆ ಮನೆ, ಸಿಮೆಂಟಿನ ಮನೆ ಎಲ್ಲವೂ ಒಟ್ಟಿಗೆ ಕೂತಿವೆ. ಎಂಥ ಸಮಾನತೆ! ಊರ ಬಾವಿಯಲ್ಲಿ, ಗುಡಿಯಲ್ಲಿ, ಹೋಟೆಲಿನ ಲೋಟದಲ್ಲಿ ಸಿಗದ ಸಮಾನತೆ ನಡುಗುವುದರಲ್ಲಿ ಸಿಕ್ಕಿತು. ಮಣ್ಣಿನ ಗೋಡೆಗೂ ಗಾರೆಯ ಗೋಡೆಗೂ ಒಂದೇ ಮಿತಿ ಎಂದರೆ ಮೊದಲು ಸೀಳುವುದು ಯಾವುದು? ಗಣಿ ಮಾಲೀಕನಿಗೇ ಸೇರಿದ, ಅಲ್ಪಾಯುಷ್ಯದ ಮನೆಗಳಿಗೆ ಮಿತಿ 10, ಅಂದರೆ ಇಮ್ಮಡಿ. ಮನೆ ಮಾಲೀಕನದು ನಿಜ. ಒಳಗೆ ಮಲಗುವ ಕೂಲಿಯವನ ಮಗು ಯಾರದು?

ಅದೇ ಸುತ್ತೋಲೆ ಐತಿಹಾಸಿಕ ಕಟ್ಟಡಗಳಿಗೆ 2 ಮಿಲಿಮೀಟರ್ ಎಂದಿತು. ಇದರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಚಿತ್ತಾಪುರ ಸೀಮೆಯ ಸನ್ನತಿ ನಮ್ಮದೇ. 1986ರಲ್ಲಿ ಅಲ್ಲಿಯ ಕಾಳಿಕಾ ಗುಡಿಯ ಚಾವಣಿ ಕುಸಿದು, ದೇವಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನವಿದ್ದದ್ದು ಬೆಳಕಿಗೆ ಬಂತು. ಪ್ರಜೆಗಳನ್ನು ಮಕ್ಕಳಂತೆ ಕಾಣಿರಿ, ಕಾರಣವಿಲ್ಲದೆ ಯಾರನ್ನೂ ಹಿಂಸಿಸಬೇಡಿರಿ ಎಂದು ಅಧಿಕಾರಿಗಳಿಗೆ ಬುದ್ಧಿ ಹೇಳುವ ಶಾಸನಗಳ ಪಾಠವೂ ಅದರಲ್ಲಿದೆ. ದುಃಖಕ್ಕೆ ಕಾರಣವಿದೆ, ಕಾರಣ ತೆಗೆದರೆ ದುಃಖ ಅಳಿಯುತ್ತದೆ ಎಂದ ಬುದ್ಧನ ನೆಲ ಅದು. ಆ ಕಲ್ಲನ್ನು ಕಾಯಲೇಬೇಕು. ಆದರೆ ಕಲ್ಲನ್ನು ಕಾದು, ಕಲ್ಲಿನ ಮೇಲೆ ಬರೆದದ್ದನ್ನು ಮರೆತರೆ ಹೇಗೆ?

2024ರ ಜನವರಿಯಲ್ಲಿ ರಾಜ್ಯದ ಹೈಕೋರ್ಟು ಕೃಷ್ಣರಾಜಸಾಗರದ 20 ಕಿಲೋಮೀಟರ್ ಸುತ್ತ, ಅಧ್ಯಯನ ಮುಗಿಯುವವರೆಗೆ ಗಣಿಗಾರಿಕೆ ನಿಲ್ಲಿಸಿತು. ಸರಿಯಾದ ಮಾತು. ಅಣೆಕಟ್ಟಿನ ವಿಷಯದಲ್ಲಿ ‘ಮೊದಲು ಅಳೆಯಿರಿ, ಆಮೇಲೆ ಸಿಡಿಸಿರಿ’ ಎನ್ನುವ ನ್ಯಾಯ ಕೇರಿಯ ವಿಷಯದಲ್ಲಿ ‘ಮೊದಲು ಸಿಡಿಯಲಿ, ಆಮೇಲೆ ಅರ್ಜಿ ಕೊಡಿ’ ಎಂದು ತಿರುಗಬಾರದು.

ನಮ್ಮವರೇ ಒಂದು ಮಾತು ಕೇಳುತ್ತಾರೆ: “ಗಣಿ ಬಂದ್ ಆದ್ರ ಕೂಲಿ ಯಾರ್ ಕೊಡ್ತಾರ?” ಈ ಪ್ರಶ್ನೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಹೊಟ್ಟೆ ಗೋಡೆಗಿಂತ ದೊಡ್ಡದು. ಆದರೆ ಕೂಲಿ ಬೇಕಾದರೆ ಗೋಡೆ ಬಿಡು ಎಂಬ ಷರತ್ತು ಹಾಕಿದವರಾರು? ಮದ್ದನ್ನು ಹಂಚಿ ಸಿಡಿಸಿದರೆ ಕೂಲಿಯೂ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ.

ಪ್ರಾಮಾಣಿಕರಾಗಿ ಇನ್ನೊಂದನ್ನೂ ಒಪ್ಪಬೇಕು. ಪ್ರತಿ ಬಿರುಕೂ ಮದ್ದಿನದಲ್ಲ. ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. 1993ರಲ್ಲಿ ಕಿಲ್ಲಾರಿ ನೆಲಸಮವಾದದ್ದು ಭೂಕಂಪಕ್ಕೆ. ಅಲ್ಲಿ ಜನರ ಮೇಲೆ ಬಿದ್ದದ್ದೂ ಇಂಥವೇ ಕಲ್ಲುಮಣ್ಣಿನ ಗೋಡೆಗಳು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ಗುಡುಗಿ ನಡುಗಿದಾಗ ಜನ ಮನೆಯೊಳಗೆ ಮಲಗಲು ಅಂಜಿದರು. ಅದಕ್ಕೇ ನಾವು ಊಹೆಯನ್ನಲ್ಲ, ಅಳತೆಯನ್ನು ಕೇಳುತ್ತೇವೆ. ಮದ್ದು ಹಾಕುವ ಮುಂಚೆ ಪ್ರತಿ ಮನೆಯ ಗೋಡೆ ನೋಡಿ ಬರೆದಿಡಲಿ. ಕಂಪನ ಅಳೆಯುವ ಯಂತ್ರ ಗಣಿಯ ಆಫೀಸಿನ ಕಟ್ಟೆಯ ಮೇಲಲ್ಲ, ಕೇರಿಯ ಕೊನೇ ಮನೆಯ ಬುಡದಲ್ಲಿ ಕೂರಲಿ. ಬಂದ ಅಂಕಿ ಕನ್ನಡದಲ್ಲಿ ಪಂಚಾಯ್ತಿ ಗೋಡೆಯ ಮೇಲೆ ಬರಲಿ. ಎಷ್ಟು ನಡುಕ ತಡೆಯಬಹುದೆಂದು ಹೇಳುವಾಗ ನಡುಗುವವರ ಮಾತೂ ಲೆಕ್ಕಕ್ಕೆ ಬರಲಿ.

ಮುಂದಿನ ಸಲ ಮುದುಕಿ ‘ಹಣಿಬರ’ ಎಂದಾಗ ನಾವು ಸುಮ್ಮನೆ ತಲೆಯಾಡಿಸಿ ಬರಬಾರದು. ಜಗುಲಿಯ ಮೇಲೆ ಕೂತು, “ಇಲ್ಲವ್ವ, ಇದು ಇಷ್ಟು ಕಿಲೋ ಮದ್ದು, ಇಷ್ಟು ಮೀಟರ್ ದೂರ” ಎಂದು ಲೆಕ್ಕ ಬಿಡಿಸಿ ಹೇಳಬೇಕು.