ಹೆಸರಿಡುವ ಕೆಲಸ

ಮಗುವಿಗೆ ಹೆಸರಿಡುವುದು ಅಂಥ ಕಷ್ಟದ ಕೆಲಸವಲ್ಲ. ಮಗು ಬೇಡವೆನ್ನುವುದಿಲ್ಲ. ಮನೆಗೆ ಹೆಸರಿಡುವುದು ಇನ್ನೂ ಸುಲಭ. ಗೋಡೆ ನಮ್ಮದು, ಬಣ್ಣವೂ ನಮ್ಮದು. ಹತ್ತು ಕಡೆಯ ಹತ್ತು ಜನ ಸೇರಿದ ಬಳಗಕ್ಕೆ ಹೆಸರಿಡುವುದು ಎಷ್ಟು ತಾಪತ್ರಯದ್ದೆಂದು ನನಗೆ ತಿಳಿದದ್ದು ಮಾತ್ರ ಮಾಷ್ಟ್ರಿಕೆಯಿಂದ ನಿವೃತ್ತನಾದ ಮೇಲೆ.

ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಹತ್ತಿದವರು ಜಾರಿ ಬೀಳುವುದು, ಅವರನ್ನು ಮಂಗಳೂರಿಗೆ ಒಯ್ಯುವುದು, ಅಲ್ಲಿ ರಕ್ತಕ್ಕಾಗಿ ಓಡಾಡುವುದು ನಮ್ಮ ಕಡೆ ಹೊಸತಲ್ಲ. ಹಾಗೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನಾವು ಕೆಲವರು ಸೇರಿ ರಕ್ತ ಕೊಡುವವರ ಒಂದು ಪಟ್ಟಿ ಮಾಡಿದೆವು. ಪಟ್ಟಿ ದೊಡ್ಡದಾಯಿತು, ಪುಸ್ತಕವಾಯಿತು. ಪುಸ್ತಕವಾದ ಮೇಲೆ ಅದರ ರಟ್ಟಿನ ಮೇಲೆ ಏನಾದರೂ ಬರೆಯಬೇಕಲ್ಲ? "ನೀವು ಕನ್ನಡ ಪಾಠ ಮಾಡಿದವರು, ಒಂದು ಹೆಸರು ಹೇಳಿ ಮಾಷ್ಟ್ರೇ" ಎಂದು ನನ್ನ ತಲೆಗೆ ಕಟ್ಟಿದರು.

ಮೊದಲು ಊರುಗಳ ಹೆಸರನ್ನೇ ಇಡೋಣವೆಂದಾಯಿತು. ಆದರೆ ಯಾವುದು ಮೊದಲು? ಪುತ್ತೂರಿನವರಿಗೆ ಪುತ್ತೂರು ಮೊದಲು ಬರುವುದು ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟೇ ಸಹಜ. ಕಡಬದ ಗೆಳೆಯರೊಬ್ಬರು, "2018ರಲ್ಲಿ ತಾಲೂಕಾದರೂ ನಾವು ಬಾಲದಲ್ಲೇ ಇರಬೇಕೋ?" ಎಂದು ನಗುತ್ತಲೇ ಕೇಳಿದರು, ನಗುವಿನೊಳಗೆ ಸ್ವಲ್ಪ ಮುಳ್ಳಿತ್ತು. ಮೊದಲಕ್ಷರಗಳನ್ನು ಕೂಡಿಸಿದರೆ 'ಪುಸುಕ'. ಯಾರಾದರೂ ಹಾಗೆಂದು ಕರೆದರೆ ರಕ್ತ ಕೊಡಲು ಬಂದವರು ತಿರುಗಿ ಹೋದಾರು. ಅಲ್ಲದೆ ತಾಲೂಕಿನ ಗಡಿಯನ್ನು ನಂಬುವುದಾದರೂ ಹೇಗೆ? ಹಿಂದೊಮ್ಮೆ ಪುತ್ತೂರಿನ ಸೀಮೆಯೇ ಉಪ್ಪಿನಂಗಡಿ ತಾಲೂಕಾಗಿತ್ತು. ಸುಳ್ಯದ ಹೆಸರಿನೊಂದಿಗೆ ಕೇಳಿ ರೂಢಿಯಾದ ಕುಕ್ಕೆ ಸುಬ್ರಹ್ಮಣ್ಯ ಈಗ ಕಡಬಕ್ಕೆ ಸೇರಿದೆ.

ಹೊಳೆಯ ಹೆಸರಿಗೆ ಜಗಳವಿಲ್ಲವೆಂದು ನಾನು 'ಕುಮಾರಧಾರಾ' ಎಂದೆ. ಅದು ಸುಬ್ರಹ್ಮಣ್ಯದಿಂದ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಸುಳ್ಯದವರು ಕೂಡಲೇ, "ನಮ್ಮ ಪೇಟೆಯ ಹೊಳೆ ಪಯಸ್ವಿನಿ. ಅದು ಕಾಸರಗೋಡಿಗೆ ಹೋಗಿ ಚಂದ್ರಗಿರಿಯಾಗುತ್ತದೆ" ಎಂದರು. ಹೊಳೆಗಳೂ ನಮ್ಮ ಮಾತು ಕೇಳಿ ಹರಿದವುಗಳಲ್ಲ.

ಆಗ ಒಬ್ಬರು 'ತುಳುವ ಬಳಗ' ಎಂದರು. ನನಗೆ ಅದು ಹಿಡಿಸಿತು. ಬಾಯಿಗೆ ತುಂಬಿ ಬರುವ ಮಾತು. ಸುತ್ತ ಕುಳಿತವರ ಮುಖ ನೋಡದೆ "ಒಳ್ಳೆಯದು" ಎಂದೂಬಿಟ್ಟೆ. ನೋಡಿದ್ದರೆ, ಮನೆಯಲ್ಲಿ ಮಲೆಯಾಳ ಆಡುವ ನೆಲ್ಯಾಡಿಯ ರಬ್ಬರು ಕೃಷಿಕರು, ಬ್ಯಾರಿ ಭಾಷೆಯ ಜೀಪಿನ ಡ್ರೈವರು, ಅರೆಭಾಷೆಯ ಸುಳ್ಯದ ಗೌಡರು, ಹವ್ಯಕರು, ಕೊಂಕಣಿಯವರು ಎಲ್ಲ ಕಾಣುತ್ತಿದ್ದರು. ಎಲ್ಲರಿಗೂ ತುಳು ಬರುತ್ತದೆ, ನಿಜ. ಬರುವುದೇ ಬೇರೆ, ಆಗಿರುವುದೇ ಬೇರೆ. ಯಾರೂ ಬೇಡವೆನ್ನಲಿಲ್ಲ. ಹೆಚ್ಚು ಜನರಿರುವವರು ಹೆಸರಿಡುವಾಗ ಕಡಿಮೆ ಜನರಿರುವವರು ಸುಮ್ಮನಿರುತ್ತಾರೆ. ನಾವು ಅದನ್ನು ಒಪ್ಪಿಗೆಯೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ.

ಹೆಸರನ್ನು ಯಾರು ಇಟ್ಟರು ಎಂಬುದು ನಮ್ಮ ಸೀಮೆಯಲ್ಲಿ ಹಳೆಯ ಪ್ರಶ್ನೆ. 1837ರಲ್ಲಿ ಸುಳ್ಯ ಸೀಮೆಯ ರೈತರು ಕಂಪೆನಿ ಸರಕಾರದ ವಿರುದ್ಧ ಎದ್ದು, ಬೆಳ್ಳಾರೆಯ ಖಜಾನೆಯನ್ನು ವಶ ಮಾಡಿಕೊಂಡು, ಪುತ್ತೂರಿನ ದಾರಿಯಾಗಿ ಮಂಗಳೂರಿಗೆ ನಡೆದರು. ಅಲ್ಲಿ ಹದಿಮೂರು ದಿನ ಅವರದೇ ಆಡಳಿತ. ಆಮೇಲೆ ಸೇನೆ ಬಂತು, ನೇಣು ಬಂತು. ಉಳಿದದ್ದು ಒಂದು ಹೆಸರು, 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಲೂಟಿ, ಹಾವಳಿ. ನಾವು ಮಕ್ಕಳು ಚಾವಡಿಯಲ್ಲಿ ಗದ್ದಲ ಮಾಡಿದರೆ ಅಜ್ಜಿ "ಎಂಥ ಕಾಟಕಾಯಿ ಇದು!" ಎಂದು ಗದರಿಸುತ್ತಿದ್ದರು. ನೇಣಿಗೇರಿದವರ ಸುದ್ದಿ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಈಗ ಅದು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನೂ ನಿಲ್ಲಿಸಿದರು. ನಡೆದದ್ದು ಒಂದೇ, ಹೆಸರು ತಿದ್ದಿಕೊಳ್ಳಲು ನೂರೈವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಹಾಗೆಂದು ಬೇರೆಯವರು ಇಟ್ಟ ಹೆಸರೆಲ್ಲ ಕೆಟ್ಟದೆನ್ನಲೂ ಧೈರ್ಯ ಸಾಲದು. ತಾಯಿಯ ಬಾಯಿಂದ ಪೂರ್ತಿಯಾಗಿ ಬಂದ ಮಾತನ್ನು 'ಅರೆ' ಎಂದವರು ಆ ತಾಯಿಯ ಮಕ್ಕಳಾಗಿರಲಾರರು ಎಂದು ನನ್ನ ಎಣಿಕೆ. ಆದರೂ 2011ರಲ್ಲಿ ಸರಕಾರ ಅಕಾಡೆಮಿ ಮಾಡಿದಾಗ ಅರೆಭಾಷೆಯೆಂಬ ಹೆಸರೇ ನಿಂತಿತು. ನಮ್ಮ ಸುಳ್ಯದ ಗೆಳೆಯರು ಅದನ್ನು ಎದೆಯುಬ್ಬಿಸಿ ಹೇಳುತ್ತಾರೆ. ಹೊತ್ತವರೇ ತಮ್ಮದೆಂದುಕೊಂಡ ಮೇಲೆ ನನ್ನ ತಕರಾರಿಗೆ ಬೆಲೆಯೇನು?

ಈ ಜಿಜ್ಞಾಸೆಯನ್ನೆಲ್ಲ ಮಾಡುತ್ತಿದ್ದ ನಾನೇ ಪಟ್ಟಿಯಲ್ಲೊಂದು ಕೆಲಸ ಮಾಡಿಟ್ಟಿದ್ದೆ. ವಿಳಾಸದ ಸಾಲಿನಲ್ಲಿ ಹನ್ನೊಂದು ಹೆಸರುಗಳ ಮುಂದೆ, ಗುರುತಿಗಿರಲಿ ಎಂದು, 'ಸಿಲೋನ್ ಕಾಲೊನಿ' ಎಂದು ಬರೆದಿದ್ದೆ. ಪುಸ್ತಕವನ್ನು ಶುದ್ಧಪ್ರತಿ ಮಾಡಲು ಒಪ್ಪಿಕೊಂಡವಳು ಅದೇ ಕಾಲೊನಿಯ ಹುಡುಗಿ. ಅಮ್ಮ ರಬ್ಬರು ಟ್ಯಾಪಿಂಗಿಗೆ ಹೋಗುವವರು. ಅವಳು ಆ ಪುಟ ತಿರುಗಿಸಿ, ಸಿಟ್ಟಿಲ್ಲದೆ ಹೇಳಿದಳು:

"ಮಾಷ್ಟ್ರೇ, ನಾನು ಸಿಲೋನ್ ನೋಡಿಯೇ ಇಲ್ಲ. ನನ್ನ ಅಮ್ಮ ಹುಟ್ಟಿದ್ದೂ ಇಲ್ಲಿಯೇ. ಅಲ್ಲಿದ್ದಾಗ ನಮ್ಮ ಅಜ್ಜಿಯವರನ್ನು ಇಂಡಿಯಾದವರು ಅಂತ ಕರೀತಿದ್ರಂತೆ."

ಹೊರಗೆ ಮಳೆ ಹೊಯ್ಯುತ್ತಿದ್ದುದರಿಂದ ಉತ್ತರ ಹೇಳದಿರಲು ಒಂದು ನೆಪ ಸಿಕ್ಕಿತು.

ಅವರ ಚರಿತ್ರೆ ನನಗೆ ಗೊತ್ತಿಲ್ಲದ್ದಲ್ಲ. ಬ್ರಿಟಿಷರ ಕಾಲದಲ್ಲಿ ತಮಿಳು ಸೀಮೆಯಿಂದ ಸಿಲೋನಿನ ತೋಟಗಳಿಗೆ ಹೋದ ಕೂಲಿಗಳ ಸಂತತಿ ಅವರು. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಿಕೆಯವರೂ ಒಪ್ಪಂದ ಮಾಡಿಕೊಂಡರು. ಎರಡೂ ದೇಶಗಳ ಲೆಕ್ಕಕ್ಕೆ ಬಾರದೆ ನಿಂತಿದ್ದ ಸುಮಾರು 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತ, 3,00,000 ಮಂದಿಯನ್ನು ಸಿಲೋನ್ ತೆಗೆದುಕೊಳ್ಳುವುದೆಂದಾಯಿತು. ಉಳಿದ ಒಂದೂವರೆ ಲಕ್ಷದ ಮಾತು ಮತ್ತೊಮ್ಮೆಗೆ. ಅಡಿಕೆಯನ್ನಾದರೂ ನಾವು ಹಾಗೆ ಭಾಗ ಮಾಡುವುದಿಲ್ಲ. ಗೋಟು ಯಾವುದು, ಚಾಲಿ ಯಾವುದು ಎಂದು ಮುಟ್ಟಿ ನೋಡುತ್ತೇವೆ. ಬಂದವರಲ್ಲಿ ಕೆಲವರನ್ನು ನಮ್ಮ ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಕೆಲಸ ಕೊಟ್ಟು ನೆಲೆಗೊಳಿಸಿದರು. ಇದನ್ನು ತರಗತಿಯಲ್ಲಿ ಪಾಠ ಮಾಡಿದವನು ನಾನು. ಅಲ್ಲಿ ಇಂಡಿಯಾದವರು, ಇಲ್ಲಿ ಸಿಲೋನಿನವರು: ಹೋದಲ್ಲೆಲ್ಲ 'ನೀನು ಇಲ್ಲಿಯವನಲ್ಲ' ಎಂಬುದನ್ನೇ ಹೆಸರಾಗಿ ಹೊತ್ತವರು. ನನ್ನ ಅಕ್ಷರದಲ್ಲಿ ಅದು ಹನ್ನೊಂದು ಸಲ ಬಿದ್ದಿತ್ತು, ಒಳ್ಳೆಯ ದುಂಡು ಅಕ್ಷರದಲ್ಲಿ.

ಮುಂದಿನ ಸಭೆಯಲ್ಲಿ ನಾನು ತುಳುವ ಬಳಗ ಬೇಡವೆಂದೆ. ಕಾರಣ ಹೇಳಲು ಹೋಗಿ ತಡವರಿಸಿದೆ. ಕೆಲವರಿಗೆ ಬೇಸರವಾಯಿತು. ಒಬ್ಬರು, "ಎಲ್ಲರನ್ನೂ ಸೇರಿಸಲು ಹೋದರೆ ಹೆಸರೇ ಉಳಿಯುವುದಿಲ್ಲ ಮಾರಾಯ್ರೆ, 'ಮನುಷ್ಯರ ಬಳಗ' ಅಂತ ಇಡಬೇಕಷ್ಟೆ" ಎಂದರು. ಆ ಮಾತನ್ನು ನಾನು ತಳ್ಳಿಹಾಕಲಾರೆ. ಎಲ್ಲರಿಗೂ ಸಲ್ಲುವ ಹೆಸರು ಯಾರ ಬಾಯಿಗೂ ರುಚಿಸದೆ ಹೋಗುವುದುಂಟು.

ಹೆಸರು ಕೊನೆಗೆ ಬಂದದ್ದು ಹುಡುಕಿದ್ದರಿಂದಲ್ಲ. ತಡವಾಯಿತೆಂದು ಯಾರೋ ಹೇಳಿದಾಗ ಆ ಹುಡುಗಿ ಚೀಲ ಎತ್ತಿಕೊಳ್ಳುತ್ತ, "ಅಡ್ಡಿಯಿಲ್ಲ, ಮನೆಯಲ್ಲಿ ಅಜ್ಜಿ ಒಬ್ಬರೇ, ನೆರೆಕರೆಯವರಿಗೆ ಹೇಳಿ ಬಂದಿದ್ದೇನೆ" ಎಂದಳು. ನೆರೆಕರೆ. ತುಳುವಿನಲ್ಲೂ ಅದೇ, ಹವ್ಯಕರ ಮನೆಯಲ್ಲೂ ಅದೇ, ತಮಿಳು ಮಾತೃಭಾಷೆಯ ಇವಳ ಕನ್ನಡದಲ್ಲೂ ಅದೇ. ಬೆಂಗಳೂರಿನಿಂದ ಬಂದಿದ್ದ ಒಬ್ಬರು, "ನೆರೆ ಅಂದರೆ ಪ್ರವಾಹ ಅಲ್ಲವೇ?" ಎಂದು ಆಕ್ಷೇಪ ತೆಗೆದರು. ಕುಮಾರಧಾರೆ ಉಕ್ಕಿದಾಗ ಮನೆಗೆ ಮೊದಲು ಬರುವುದು ನೆರೆ, ಎರಡನೆಯದು ನೆರೆಕರೆ ಎಂದು ಕಡಬದವರು ಅವರ ಬಾಯಿ ಮುಚ್ಚಿಸಿದರು. ರಟ್ಟಿನ ಮೇಲೆ ಹಾಗೆಯೇ ಬರೆದೆವು.

"ಹೇಗಮ್ಮ, ಆದೀತಾ?" ಎಂದು ಅವಳನ್ನು ಕೇಳಿದೆ.

"ಹೆಸರು ಒಳ್ಳೆದುಂಟು ಮಾಷ್ಟ್ರೇ. ಆದರೆ ನೀವು ನಮ್ಮ ಮನೆಗೆ ಒಮ್ಮೆಯೂ ಬಂದದ್ದಿಲ್ಲ."

ನನ್ನ ಮನೆಯಿಂದ ತೋಡು ದಾಟಿ ಗುಡ್ಡೆ ಹತ್ತಿದರೆ ಅವರ ಕಾಲೊನಿ. ಹದಿನೈದು ನಿಮಿಷದ ದಾರಿ. ನಾನು ಆ ಮನೆಯಲ್ಲಿ ಮೂವತ್ತನಾಲ್ಕು ವರ್ಷಗಳಿಂದ ಇದ್ದೇನೆ.

ಮರುದಿನ ಆದಿತ್ಯವಾರ ಹೋದೆ. ಅವಳು ಕಪ್ಪು ಚಾ ಮಾಡಿ ತಂದಳು. ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿ, ನಿಧಾನವಾಗಿ ಕನ್ನಡದಲ್ಲೇ ಕೇಳಿದರು, "ನೀವು ಯಾವ ಊರಿನವರು?"

ನಾನು ತೋಡಿನ ಕಡೆಗೆ ಕೈ ತೋರಿಸಿದೆ.