ಜಲಾಭಾವವೂ ನಾಗರಿಕಧರ್ಮವೂ

ನೀರಿಗೆ ‘ಜೀವನ’ವೆಂದೂ ಒಂದು ಹೆಸರುಂಟು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವಾಗ ಆ ಪರ್ಯಾಯಪದವನ್ನು ನೂರಾರು ಸಲ ಉಚ್ಚರಿಸಿದ್ದೆನು. ಆದರೆ ಅದರ ಅರ್ಥವು ನನಗೆ ತಿಳಿದದ್ದು 2024ನೆಯ ಇಸವಿಯ ಬೇಸಿಗೆಯಲ್ಲಿ, ಪುರ್ತಗೇರಿಯನ್ನು ಬಿಟ್ಟು ಬೆಂಗಳೂರಿನ ಮಗನ ಮನೆಯಲ್ಲಿ ಕೆಲವು ಕಾಲ ಇದ್ದಾಗ.

ಹಿಂದಿನ ವರ್ಷ ಮಳೆಯು ಕೈಕೊಟ್ಟಿದ್ದಿತು. ರಾಜ್ಯದ 236 ತಾಲೂಕುಗಳೊಳಗೆ 223ನ್ನು ಬರಪೀಡಿತವೆಂದು ಸರಕಾರವು ಸಾರಿದ್ದಿತು. ಸುಮಾರು ನೂರು ಕಿಲೋಮೀಟರು ದೂರದಿಂದ ಏರಿಸಿ ತರುವ ಕಾವೇರಿಯ ನೀರು, ದಿನಕ್ಕೆ 145 ಕೋಟಿ ಲೀಟರಿನಷ್ಟು, ನಗರದ ನಡುಭಾಗಕ್ಕೆ ಬರುತ್ತಲೇ ಇದ್ದಿತು. ಸಂಕಟವು ವಿಶೇಷವಾಗಿ ಒದಗಿದ್ದು ಕೊಳವೆಬಾವಿಗಳನ್ನೇ ನಂಬಿಕೊಂಡ ಅಂಚಿನ ಬಡಾವಣೆಗಳಿಗೆ. ನಗರದ 14,000 ಕೊಳವೆಬಾವಿಗಳೊಳಗೆ 6,900 ಬತ್ತಿಹೋಗಿವೆಯೆಂದು ಮುಖ್ಯಮಂತ್ರಿಗಳೇ ಹೇಳಿದರು. ಮಾರ್ಚ ತಿಂಗಳಲ್ಲಿ ಜಲಮಂಡಲಿಯು, ಕುಡಿಯುವ ನೀರಿನಿಂದ ವಾಹನ ತೊಳೆಯಬಾರದು, ತೋಟಕ್ಕೆ ಹಾಯಿಸಬಾರದು, ತಪ್ಪಿದರೆ 5,000 ರೂಪಾಯಿ ದಂಡವೆಂದು ಆಜ್ಞೆ ಹೊರಡಿಸಿತು. ಜಿಲ್ಲಾಡಳಿತವು ಟ್ಯಾಂಕರಿನ ನೀರಿಗೆ ದರ ಕಟ್ಟಿತು. ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ.

ಇವೆಲ್ಲ ಬೇಕಾದ ಕ್ರಮಗಳೇ. ಆದರೆ ರಾಜಾಜ್ಞೆಯು ಅಂಗಳದವರೆಗೆ ಬರುವದಲ್ಲದೆ ಅಡಿಗೆಯ ಮನೆಯೊಳಗೆ ಬರಲಾರದು. ಅಲ್ಲಿ ಮನುಷ್ಯನನ್ನು ಕೇಳುವವರು ಯಾರು?

ಟ್ಯಾಂಕರು ಬಂದ ಒಂದು ದಿವಸ ನಾವು ಪೀಪಾಯಿ, ಹಂಡೆ, ಬಕೀಟುಗಳನ್ನೆಲ್ಲ ತುಂಬಿಟ್ಟುಕೊಂಡೆವು. ಪಾತ್ರೆ ತಿಕ್ಕಲು ಬರುತ್ತಿದ್ದ ಹೆಣ್ಣುಮಗಳು ನಮ್ಮ ಸೀಮೆಯಿಂದಲೇ ದುಡಿಯಲು ಹೋದವಳು. ಕೆಲಸ ತೀರಿದ ಮೇಲೆ, “ಅಜ್ಜಾರ, ಒಂದು ಕೊಡ ಒಯ್ಲೇನ್ರಿ?” ಎಂದಳು. ನಾನು ಒಡನೆ “ಒಯ್ಯವ್ವಾ” ಎನ್ನಲಿಲ್ಲ. ಪೀಪಾಯಿಗಳ ಕಡೆಗೆ ನೋಡಿದೆನು. ಆ ಕ್ಷಣದ ಲೆಕ್ಕವು ಆಕೆಗೆ ತಿಳಿಯಿತು. “ಇರ್ಲಿ ಬಿಡ್ರಿ” ಎಂದು ಬರಿಗೊಡವನ್ನೆತ್ತಿಕೊಂಡು ಇಳಿದುಹೋದಳು. ಹಿಂದಿನಿಂದ ಹೋಗಿ ಕರೆಯಲು ನನ್ನ ಹಿರಿತನವು ಅಡ್ಡ ಬಂದಿತು.

ಹಣ ಕೊಟ್ಟು ಕೊಂಡ ನೀರು ನಿಮ್ಮದೇ ಅಲ್ಲವೇ ಎಂದು ವಾಚಕರು ಕೇಳಬಹುದು. ಕೊಂಡದ್ದು ನಿಜ. ಆದರೆ ಟ್ಯಾಂಕರಿನವನು ನೀರನ್ನು ಹುಟ್ಟಿಸಲಿಲ್ಲ, ನೆಲದಿಂದ ಎತ್ತಿ ತಂದನು. ನೆಲದೊಳಗಿನ ನೀರಿಗೆ ಬೇಲಿಯಿಲ್ಲ. ಒಬ್ಬನು ಆಳಕ್ಕೆ ಕೊರೆದು ಎತ್ತಿದರೆ ನೆರೆಯವನ ಬಾವಿಯು ಬತ್ತುವದು. ನಾನು ಕೊಟ್ಟ ಹಣವು ತಂದ ಶ್ರಮಕ್ಕೆ ಬೆಲೆಯಾಯಿತೇ ಹೊರತು ನೀರಿಗಲ್ಲ. ಮನೆಯ ಅವಶ್ಯಕತೆಗೆ ಇಟ್ಟುಕೊಳ್ಳುವದರಲ್ಲಿ ದೋಷವಿಲ್ಲ. ಆದರೆ ನನ್ನ ನಾಳಿನ ಭಯದ ಮುಂದೆ ಇನ್ನೊಬ್ಬರ ಇಂದಿನ ನೀರಡಿಕೆಯು ಬಂದು ನಿಂತಾಗ, ಹಿಂದೆ ಸರಿಯತಕ್ಕದ್ದು ಭಯವೇ.

ಶಾಸ್ತ್ರಕಾರರು ಕೆರೆಬಾವಿಗಳನ್ನು ಕಟ್ಟಿಸುವದಕ್ಕೆ ‘ಪೂರ್ತ’ವೆಂದು ಹೆಸರಿಟ್ಟು, ಯಜ್ಞಾದಿಗಳಾದ ‘ಇಷ್ಟ’ದ ಪಕ್ಕದಲ್ಲಿ ಅದನ್ನು ಕೂಡಿಸಿದರು. ನಮ್ಮ ಸೀಮೆಯ ಸೂಡಿಯ ನಾಗಕುಂಡವೂ ಲಕ್ಕುಂಡಿಯ ಮುಸುಕಿನ ಬಾವಿಯೂ ಆ ಧರ್ಮಕ್ಕೆ ಇಂದಿಗೂ ಸಾಕ್ಷಿಗಳಾಗಿವೆ. ಆದರೆ ಹಳೆಯದನ್ನೆಲ್ಲ ಹೊಗಳಲು ನನಗೆ ಬಾಯಿ ಬಾರದು. ಕೆರೆಯೊಂದರ ನೀರನ್ನು ಮುಟ್ಟುವ ಹಕ್ಕಿಗಾಗಿ 1927ರಲ್ಲಿ ಡಾ. ಅಂಬೇಡಕರರು ಮಹಾಡದಲ್ಲಿ ಸತ್ಯಾಗ್ರಹವನ್ನೇ ಹೂಡಬೇಕಾಯಿತು. ಬಾವಿಯ ಕಟ್ಟೆಯ ಮೇಲೆ ಕುಲವನ್ನು ಕೇಳುತ್ತಿದ್ದರು. ಬೀದಿಯ ನಲ್ಲಿಯು ಆ ಪ್ರಶ್ನೆಯನ್ನು ಬಹುಮಟ್ಟಿಗೆ ಬಿಡಿಸಿತು. ನಲ್ಲಿಯು ನಿಂತೊಡನೆ ಹಣವೆಷ್ಟೆಂಬ ಪ್ರಶ್ನೆ ಎದ್ದಿತು. ಹಾಗಾದರೆ ನಾವು ಕಲಿತೆವೆಂದು ತಿಳಿದ ಸಮತೆಯು ನಮ್ಮದೋ, ಕೊಳಾಯಿಯದೋ? ನೀರು ಧಾರಾಳವಾಗಿ ಬರುವಾಗ ಇದು ತಿಳಿಯುವದಿಲ್ಲ, ನಿಂತಾಗಲೇ ತಿಳಿಯುವದು.

2024ರ ಅಕ್ಟೋಬರದಲ್ಲಿ ಕಾವೇರಿಯ ಐದನೆಯ ಹಂತವು ಆರಂಭವಾಗಿ, ಇನ್ನೂ 77.5 ಕೋಟಿ ಲೀಟರು ನೀರನ್ನು ದಿನವಹಿ ತರುವ ಏರ್ಪಾಡಾಯಿತು. ಸಂತೋಷ. ಆದರೆ ನದಿಯೂ ಮಳೆಯನ್ನೇ ನಂಬಿದುದು. ಬರವು ಮತ್ತೆ ಬಾರದೆ ಇರದು. ಅಷ್ಟರೊಳಗೆ ಕೊಳಾಯಿಗಳನ್ನು ಸರಿಪಡಿಸಿಕೊಂಡಂತೆ ಮನಸ್ಸುಗಳನ್ನೂ ಸರಿಪಡಿಸಿಕೊಳ್ಳುವದು ನಾಗರಿಕರ ಕರ್ತವ್ಯವು.

ಮರುದಿನ ಆಕೆ ಬಂದಾಗ ನಾನೇ ಕೊಡವನ್ನು ತುಂಬಿಕೊಟ್ಟೆನು. ಮರುಮಾತಿಲ್ಲದೆ ಒಯ್ದಳು. ಆದರೆ ಕೇಳಿದಾಗ ಕೊಡದೆ ಉಳಿಸಿಕೊಂಡ ಆ ಒಂದು ಕೊಡ ನೀರು ನನ್ನ ಲೆಕ್ಕದಲ್ಲಿ ಇಂದಿಗೂ ಬಾಕಿಯೇ ಇದೆ.