ದತ್ತಿಯ ಉತ್ತರಾಧಿಕಾರ

ಆಸ್ತಿಯನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸಲು ಉಯಿಲು, ವಿಭಾಗಪತ್ರ, ಟ್ರಸ್ಟ್ ಡೀಡ್ ಮುಂತಾದ ಪಳಗಿದ ಸಾಧನಗಳಿವೆ. ಆದರೆ ಆ ಆಸ್ತಿಯಿಂದ ಯಾರಿಗೆ, ಎಷ್ಟು ಕಾಲ, ಯಾವ ಕಾರಣಕ್ಕೆ ಕೊಡಬೇಕೆಂಬ ವಿವೇಕವನ್ನು ದಾಟಿಸುವ ಸಾಧನವನ್ನು ಯಾವ ಸಮಾಜವೂ ಪೂರ್ತಿಯಾಗಿ ಕಂಡುಕೊಂಡಿಲ್ಲ. ದಾನಬುದ್ಧಿ ವಂಶದಲ್ಲಿ ಹರಿದು ಬರುತ್ತದೆಂಬುದು ಹಳೆಯ ನಂಬಿಕೆ. ಹಣದ ಆಡಳಿತ ಕಲಿತವನಿಗೆ ದಾನದ ಆಡಳಿತವೂ ತಾನಾಗಿ ಒಲಿಯುತ್ತದೆಂಬುದು ಹೊಸ ನಂಬಿಕೆ. ಈ ಎರಡೂ ನಂಬಿಕೆಗಳು ದಾನಿಯನ್ನು ಮಾತ್ರ ನೋಡುತ್ತವೆ, ಪಡೆಯುವವರನ್ನು ನೋಡುವುದಿಲ್ಲ. ಮುಂದಿನ ತಲೆಮಾರಿನ ದಾನಿಗಳು ಮೊದಲು ಕಲಿಯಬೇಕಾದ ವಿದ್ಯೆ ತಮ್ಮ ನಿರ್ಣಯವನ್ನು ಪಡೆಯುವವರ ಮುಂದಿಟ್ಟು ತಿದ್ದಿಸಿಕೊಳ್ಳುವುದು. ಹಿಂದಿನ ತಲೆಮಾರು ಅವರಿಗೆ ಬಿಟ್ಟುಹೋಗಬೇಕಾದ ಮೊದಲ ಸ್ವತ್ತು ತನ್ನ ಇಚ್ಛೆಯನ್ನೂ ತಿದ್ದಬಹುದೆಂಬ ಅಧಿಕಾರ. ಇಲ್ಲಿ ಮುಂದಿಡುವ ವಾದ ಇಷ್ಟೇ. ಆದರೆ ಇದನ್ನು ಒಪ್ಪಿದರೆ ದಾನದ ಬಗೆಗಿನ ಹಲವು ರೂಢಿಗಳನ್ನು ಬಿಡಬೇಕಾಗುತ್ತದೆ.

ಸಮುದಾಯ ದತ್ತಿಯೆಂದರೆ ಒಂದು ಊರಿನ ಅಥವಾ ಸೀಮೆಯ ಹಲವರು ಕೊಟ್ಟ ಹಣವನ್ನು ಒಂದೆಡೆ ಕೂಡಿಸಿ, ಮೂಲಧನವನ್ನು ಉಳಿಸಿಕೊಂಡು, ಅದರ ಆದಾಯವನ್ನು ಆ ಸೀಮೆಯವರೇ ಕೂತು ನಿರ್ಧರಿಸಿ ಹಂಚುವ ವ್ಯವಸ್ಥೆ. ಅದು ಕಾರ್ಯತಂತ್ರದ ದತ್ತಿಯಾಗಬೇಕಾದರೆ ಕೇಳಿದವರಿಗೆ ಕೇಳಿದಷ್ಟು ಕೊಟ್ಟು ಕೈತೊಳೆದುಕೊಳ್ಳದೆ, ಕೊರತೆಯ ಕಾರಣವನ್ನು ಹುಡುಕಿ, ಕೆಲವನ್ನು ಆರಿಸಿ ಕೆಲವನ್ನು ಬಿಟ್ಟು, ಆರಿಸಿದ್ದರ ಬೆನ್ನಿಗೆ ವರ್ಷಾನುಗಟ್ಟಲೆ ನಿಂತು, ಫಲ ಕಾಣದಿದ್ದರೆ ದಾರಿ ಬದಲಿಸಬೇಕು. ಈ ಕೊನೆಯ ಅಂಶವೇ ಕಷ್ಟದ್ದು.

ಕಾಲ ಕಳೆದ ಮೇಲೆ ದತ್ತಿಗೆ ಏನಾಗುತ್ತದೆಂಬ ಆತಂಕ ಕನ್ನಡನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇಲ್ಲಿನ ಶಾಸನಗಳೇ ಸಾಕ್ಷಿ. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯದ 1162ರ ಶಾಸನ ಅಲ್ಲಿನ ಕೋಡಿಮಠವನ್ನು ವಿದ್ಯೆ ಕಲಿಸುವ ತಾಣವೆಂದೂ, ದೀನರಿಗೆ ಅನಾಥರಿಗೆ ಅನ್ನ ಸಿಗುವ ತಾಣವೆಂದೂ, ರೋಗಿಗಳಿಗೆ ಔಷಧ ದೊರೆಯುವ ತಾಣವೆಂದೂ ವರ್ಣಿಸುತ್ತದೆ. ಇಂಥ ಶಾಸನಗಳು ದತ್ತಿ ಭೂಮಿಯ ನಾಲ್ಕೂ ದಿಕ್ಕಿನ ಗಡಿಯನ್ನು, ಕೆರೆಯ ಕೋಡಿ, ಹುಣಿಸೆಯ ಮರ, ನಟ್ಟ ಕಲ್ಲುಗಳ ಸಮೇತ, ಸಂದೇಹಕ್ಕೆಡೆಯಿಲ್ಲದಂತೆ ಬರೆಯುತ್ತವೆ. ಕೊನೆಗೆ ಶಾಪಾಶಯ ಬರುತ್ತದೆ. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆಂದೂ, ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಗುರಿಯಾಗುತ್ತಾನೆಂದೂ ಹೇಳುವ ಈ ಸೂತ್ರದ ಜೊತೆಗೆ, ದಾನ ಮಾಡುವುದಕ್ಕಿಂತ ಹಿಂದಿನವರ ದಾನವನ್ನು ಪಾಲಿಸುವುದೇ ಮೇಲೆಂಬ ಮಾತೂ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉತ್ತರಾಧಿಕಾರಿಯನ್ನು ದಾನಿಗಿಂತ ಎತ್ತರದಲ್ಲಿ ನಿಲ್ಲಿಸುವ ಈ ಮಾತು ಗಾಢವಾದದ್ದು. ಆದರೆ ಪಾಲನೆಯೆಂದರೆ ಅಕ್ಷರಶಃ ಪಾಲನೆಯೇ, ಉದ್ದೇಶದ ಪಾಲನೆಯೇ ಎಂಬ ಪ್ರಶ್ನೆಯನ್ನು ಅದು ತೆರೆದೇ ಬಿಡುತ್ತದೆ.

ಅಕ್ಷರಶಃ ಪಾಲನೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನರ ಉಯಿಲು ತೋರಿಸುತ್ತದೆ. 1790ರಲ್ಲಿ ತೀರಿಕೊಂಡ ಅವರು ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡ್ ಬಿಟ್ಟು, ಅದನ್ನು ಯಜಮಾನನ ಕೈಕೆಳಗೆ ಕಸುಬು ಕಲಿತು ಮುಗಿಸಿದ ವಿವಾಹಿತ ತರುಣರಿಗೆ ಸಾಲವಾಗಿ ಕೊಡುತ್ತ 200 ವರ್ಷ ಬೆಳೆಸಬೇಕೆಂದು ವಿಧಿಸಿದರು. ಹಣ ಬೆಳೆಯಿತು, ಆದರೆ ಹೀಗೆ ಕಸುಬು ಕಲಿಯುವ ಪದ್ಧತಿಯೇ ಕೈಗಾರಿಕೆಯ ಯುಗದಲ್ಲಿ ಅಳಿಯುತ್ತ ಬಂದುದರಿಂದ, ಉಯಿಲು ಕಲ್ಪಿಸಿದ್ದಂಥ ಸಾಲಗಾರರು ಸಿಗುವುದೇ ದುರ್ಲಭವಾಯಿತು. ಫ್ರಾಂಕ್ಲಿನ್ನರಂಥ ದೂರದೃಷ್ಟಿಯವರಿಗೇ ಒಂದು ಶತಮಾನದಾಚೆಯ ಕಮ್ಮಾರಶಾಲೆ ಕಾಣಲಿಲ್ಲವೆಂದ ಮೇಲೆ ಉಳಿದವರ ಮಾತು ಹೇಳಬೇಕಾಗಿಲ್ಲ. ಸತ್ತವರ ಇಚ್ಛೆ ಬದುಕಿರುವವರನ್ನು ಎಂದೆಂದಿಗೂ ಕಟ್ಟಿಹಾಕಬಹುದೆ ಎಂದು ಫ್ರಾನ್ಸಿನ ಅರ್ಥಚಿಂತಕ ಟ್ಯೂರ್ಗೊ 1757ರಲ್ಲಿ, ದತ್ತಿಸಂಸ್ಥೆಗಳನ್ನು ಕುರಿತು ವಿಶ್ವಕೋಶಕ್ಕೆ ಬರೆದ ಲೇಖನದಲ್ಲೇ ಪ್ರಶ್ನಿಸಿದ್ದರು.

ಈ ಪ್ರಶ್ನೆಗೆ ಆಡಳಿತಾತ್ಮಕ ಉತ್ತರವೊಂದು 1914ರ ಜನವರಿಯಲ್ಲಿ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ದೊರೆಯಿತು. ವಕೀಲರೂ ಬ್ಯಾಂಕಿನ ಮುಖ್ಯಸ್ಥರೂ ಆಗಿದ್ದ ಫ್ರೆಡರಿಕ್ ಗಾಫ್ ಅಲ್ಲಿ ಸ್ಥಾಪಿಸಿದ ಕ್ಲೀವ್‌ಲ್ಯಾಂಡ್ ಫೌಂಡೇಶನ್ ಜಗತ್ತಿನ ಮೊದಲ ಸಮುದಾಯ ಪ್ರತಿಷ್ಠಾನವೆಂದು ಹೆಸರಾಗಿದೆ. ಗಾಫ್ ಮಾಡಿದ ಏರ್ಪಾಡಿನಲ್ಲಿ ಎರಡು ಅಂಶಗಳು ಮುಖ್ಯ: ದಾನಿಯ ಮೂಲ ಉದ್ದೇಶ ಕಾಲಬಾಹಿರವಾದರೆ ಅಥವಾ ನೆರವೇರದಂತಾದರೆ ಹಣವನ್ನು ಬೇರೆ ಉದ್ದೇಶಕ್ಕೆ ತಿರುಗಿಸುವ ಅಧಿಕಾರ ಪ್ರತಿಷ್ಠಾನಕ್ಕಿತ್ತು, ಹಂಚಿಕೆಯ ಸಮಿತಿಯ ಬಹುಪಾಲು ಸದಸ್ಯರನ್ನು ಬ್ಯಾಂಕಾಗಲಿ ದಾನಿಯ ಕುಟುಂಬವಾಗಲಿ ಆರಿಸದೆ, ನಗರದ ಮೇಯರ್ ಮತ್ತು ನ್ಯಾಯಾಧೀಶರು ನೇಮಿಸುತ್ತಿದ್ದರು. ಹಣ ದೊಡ್ಡ ಮೊತ್ತದಲ್ಲಿ ಬರುವ ಮುನ್ನವೇ ಪ್ರತಿಷ್ಠಾನ ಊರಿನ ಸ್ಥಿತಿಯ ಅಧ್ಯಯನಕ್ಕೆ ಕೈಹಾಕಿತು. ನಗರದ ಶಾಲೆಗಳ ವಿಸ್ತಾರವಾದ ಸಮೀಕ್ಷೆ ನಡೆಸಿತು. ಬಳಿಕ ರಾಸ್ಕೊ ಪೌಂಡ್ ಮತ್ತು ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರಂಥ ಕಾನೂನು ಪಂಡಿತರಿಂದ ಅಲ್ಲಿನ ಅಪರಾಧ ನ್ಯಾಯವ್ಯವಸ್ಥೆಯನ್ನು ಪರೀಕ್ಷಿಸಿ 1922ರಲ್ಲಿ ವರದಿ ಪ್ರಕಟಿಸಿತು. ಕೊಡುವುದಕ್ಕಿಂತ ಮೊದಲು ತಿಳಿಯಬೇಕು, ತಿಳಿದದ್ದನ್ನು ಊರಿನ ಎದುರು ಇಡಬೇಕೆಂಬ ಶಿಸ್ತು ಅದು.

ಉದ್ದೇಶವನ್ನು ಬದಲಿಸುವ ಅಧಿಕಾರ ಇದ್ದರೆ ದಾನಿಗೆ ಕೊಟ್ಟ ಮಾತು ಮುರಿದಂತಾಗದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಶಾಪಾಶಯ ಬರೆಸಿದವರು ಯಾರಿಗೆ ಹೆದರಿದ್ದರೋ ಆ ಜನ ಎಲ್ಲ ಕಾಲದಲ್ಲೂ ಇದ್ದಾರೆ. ತಿದ್ದುವ ಅಧಿಕಾರ ನುಂಗುವ ಅಧಿಕಾರವಾಗಿ ಬದಲಾಗುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ಆದರೆ ಈ ಭಯ ನಿಜವಾಗಿರುವುದರಿಂದಲೇ ಮುಂದಿನ ತಲೆಮಾರಿನ ಸಿದ್ಧತೆ ಮುಖ್ಯವಾಗುತ್ತದೆ. ನಿಯಮಗಳನ್ನು ಬಿಗಿದಷ್ಟೂ ವಾರಸುದಾರನ ವಿವೇಕಕ್ಕೆ ಕೆಲಸ ಕಡಿಮೆ, ಸಡಿಲಿಸಿದಷ್ಟೂ ಹೆಚ್ಚು. ಸಡಿಲಿಸದೆ ಬೇರೆ ದಾರಿಯಿಲ್ಲವೆಂದಾದರೆ ಆ ವಿವೇಕವನ್ನು ಬೆಳೆಸುವ ಹೊಣೆಯನ್ನು ದತ್ತಿಯ ಒಂದು ಭಾಗವೆಂದೇ ತಿಳಿಯಬೇಕು.

ಈ ಹೊಣೆಯನ್ನು ಗಂಭೀರವಾಗಿ ಹೊತ್ತ ಪ್ರಯೋಗವೊಂದು ಮಿಶಿಗನ್ ರಾಜ್ಯದಲ್ಲಿ 1980ರ ದಶಕದ ಕೊನೆಯಲ್ಲಿ ಆರಂಭವಾಯಿತು. ಉಪಾಹಾರ ಧಾನ್ಯದ ಉದ್ಯಮಿ ಡಬ್ಲ್ಯು. ಕೆ. ಕೆಲಾಗ್ 1930ರಲ್ಲಿ ಸ್ಥಾಪಿಸಿದ್ದ ಪ್ರತಿಷ್ಠಾನ, ಆ ರಾಜ್ಯದ ಸಮುದಾಯ ಪ್ರತಿಷ್ಠಾನಗಳು ತಾವಾಗಿ ಹಣ ಕೂಡಿಸಿದರೆ ತಾನೂ ಹಣ ಸೇರಿಸುವುದಾಗಿ ಮುಂದೆ ಬಂದು ಒಂದು ಷರತ್ತು ಹಾಕಿತು: ಯುವಜನರಿಗೆಂದು ಪ್ರತ್ಯೇಕ ಶಾಶ್ವತ ನಿಧಿ ಇರಬೇಕು, ಅದರಿಂದ ಯಾರಿಗೆ ಕೊಡಬೇಕೆಂಬ ಶಿಫಾರಸನ್ನು ಹದಿಹರೆಯದವರ ಸಮಿತಿಯೇ ಮಾಡಬೇಕು. ಈ ಸಮಿತಿಗಳು ರಾಜ್ಯದುದ್ದಕ್ಕೂ ಹರಡಿದವು. ಅವು ಮಾಡುವ ಕೆಲಸದ ವಿವರ ನೋಡಿದರೆ ಕಲಿಕೆ ಎಲ್ಲಿ ನಡೆಯುತ್ತದೆಂಬುದು ತಿಳಿಯುತ್ತದೆ. ಸದಸ್ಯರು ಮೊದಲು ತಮ್ಮ ಓರಗೆಯವರನ್ನು ಸಮೀಕ್ಷೆಯ ಮೂಲಕ ಕೇಳಿ ಊರಿನ ಮಕ್ಕಳನ್ನು ಕಾಡುವ ತೊಂದರೆಗಳನ್ನು ಕ್ರಮವಾಗಿ ಪಟ್ಟಿ ಮಾಡುತ್ತಾರೆ. ಬಂದ ಅರ್ಜಿಗಳನ್ನು ಆ ಪಟ್ಟಿಗೆ ಹಿಡಿದು ನೋಡುತ್ತಾರೆ. ಖರ್ಚಿನ ಅಂದಾಜು ಓದಿ, ಅಂಗಿ ತಿಂಡಿಗೆ ಎಷ್ಟು, ನಿಜವಾದ ಕೆಲಸಕ್ಕೆ ಎಷ್ಟು ಎಂದು ವಿಚಾರಿಸುತ್ತಾರೆ. ಅರ್ಜಿ ಹಾಕಿದ ಸಂಸ್ಥೆಯೊಡನೆ ತಮಗೆ ಸಂಬಂಧವಿದ್ದರೆ ಅದನ್ನು ಮೊದಲೇ ಹೇಳಿ ಮತದಾನದಿಂದ ಹೊರಗುಳಿಯುತ್ತಾರೆ. ಹಣ ಇರುವುದು ಕೆಲವರಿಗೆ ಮಾತ್ರವಾದುದರಿಂದ ಒಳ್ಳೆಯ ಕೆಲಸವೊಂದಕ್ಕೂ ಇಲ್ಲವೆನ್ನುತ್ತಾರೆ, ಇಲ್ಲವೆಂದುದಕ್ಕೆ ಕಾರಣ ಕೊಡುತ್ತಾರೆ.

ಹದಿನಾರು ವರ್ಷದ ಹುಡುಗಿಯೊಬ್ಬಳು ತನ್ನದಲ್ಲದ ಹಣವನ್ನು, ತನ್ನ ಶಾಲೆಯಲ್ಲೇ ಓದುವ, ನಾಳೆ ಬೆಳಿಗ್ಗೆ ಎದುರು ಸಿಗುವ ಮಕ್ಕಳ ಹಿತಕ್ಕಾಗಿ ಹಂಚುವಾಗ ಕಲಿಯುವ ಸಂಗತಿಯನ್ನು ಅಪ್ಪನ ಕಚೇರಿಯಲ್ಲಿ ಕೂತು ಹೂಡಿಕೆಯ ಲೆಕ್ಕ ನೋಡುವ ವಾರಸುದಾರ ಕಲಿಯಲಾರ. ಹಣ ತನ್ನದಲ್ಲವಾದ್ದರಿಂದ ಕೃತಜ್ಞತೆಯನ್ನು ನಿರೀಕ್ಷಿಸಲು ಅವಳಿಗೆ ಹಕ್ಕಿಲ್ಲ; ಪಡೆಯುವವರು ಹತ್ತಿರದವರಾದ್ದರಿಂದ ತಪ್ಪು ನಿರ್ಣಯವನ್ನು ಮರೆಮಾಚಲು ಜಾಗವಿಲ್ಲ. ಶ್ರೀಮಂತ ಕುಟುಂಬಗಳು ಮಕ್ಕಳಿಗೆ ಸಾಮಾನ್ಯವಾಗಿ ಏರ್ಪಡಿಸುವ ತರಬೇತಿಯಲ್ಲಿ ಈ ಎರಡೂ ಇರುವುದಿಲ್ಲ. ದತ್ತು ಪಡೆದ ಹಳ್ಳಿಗೆ ಕರೆದೊಯ್ದು ಹಾರ ಹಾಕಿಸಿ, ಶಾಲೆಯ ಮಕ್ಕಳಿಂದ ಸ್ವಾಗತಗೀತೆ ಹಾಡಿಸಿ, ಫ್ಯಾನಿನ ರೆಕ್ಕೆಯ ಮೇಲೆ ಅಜ್ಜನ ಹೆಸರು ತಿರುಗುವುದನ್ನು ತೋರಿಸಿ ಕರೆತಂದರೆ, ಆ ಹುಡುಗನಿಗೆ ದಾನಿಯಾಗಿರುವ ಸುಖ ತಿಳಿಯಿತು, ಆ ಶಾಲೆಯ ಹೊಸ ಶೌಚಾಲಯಕ್ಕೆ ನೀರಿನ ಸಂಪರ್ಕವಿಲ್ಲದೆ ಬೀಗ ಬಿದ್ದಿರುವುದು ತಿಳಿಯಲಿಲ್ಲ. ತಿಳಿಸುವವರು ಯಾರು? ಮುಖ್ಯೋಪಾಧ್ಯಾಯರಿಗೆ ಮುಂದಿನ ವರ್ಷವೂ ನೆರವು ಬೇಕು. ಕೊಡುವವನ ಮುಖದೆದುರು ನಿಜ ನುಡಿಯುವುದು ಪಡೆಯುವವನಿಗೆ ದುಬಾರಿಯಾದ ಕೆಲಸ, ಮತ್ತು ಆ ಬೆಲೆಯನ್ನು ಕಡಿಮೆ ಮಾಡುವುದು ದಾನಿಯ ಕರ್ತವ್ಯವೇ ಹೊರತು ಪಡೆಯುವವನ ಧೈರ್ಯಕ್ಕೆ ಬಿಡಬೇಕಾದ ವಿಷಯವಲ್ಲ.

ಅಪಾರ ಸಂಪತ್ತಿನ ದಾನದಲ್ಲೂ ಪಡೆಯುವವರ ದನಿಯ ಈ ಕೊರತೆ ಉಳಿದಿದೆ. ತಮ್ಮ ಮರಣಾನಂತರ ಉಳಿಯುವ ಸಂಪತ್ತಿನ ದಾನವನ್ನು ಮೂವರು ಮಕ್ಕಳು ಒಮ್ಮತದಿಂದ ನಿರ್ಧರಿಸಬೇಕೆಂದು ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ 2024ರಲ್ಲಿ ಪ್ರಕಟಿಸಿದ ಏರ್ಪಾಡು, ಸತ್ತವನ ಇಚ್ಛೆ ಜೀವಂತರನ್ನು ಕಟ್ಟಿಹಾಕದಂತೆ ನೋಡಿಕೊಳ್ಳುತ್ತದೆ. ಒಬ್ಬರ ಹುಚ್ಚಾಟಕ್ಕೂ ತಡೆ ಹಾಕುತ್ತದೆ. ಆದರೆ ಅಲ್ಲಿ ಬೇಡವೆನ್ನುವ ಅಧಿಕಾರ ಒಡಹುಟ್ಟಿದವರಿಗೆ ಮಾತ್ರ ಇದೆ.

ಇಷ್ಟಕ್ಕೂ ಊರು, ಸೀಮೆ, ಸಮುದಾಯಗಳಿಗೇ ದಾನವನ್ನು ಕಟ್ಟಿಕೊಳ್ಳಬೇಕೇಕೆ ಎಂಬ ಪ್ರಶ್ನೆ ತತ್ತ್ವಶಾಸ್ತ್ರದ ಕಡೆಯಿಂದ ಬರುತ್ತದೆ. ಪೂರ್ವ ಬಂಗಾಳದ ನಿರಾಶ್ರಿತರ ಸಂಕಟದ ಹಿನ್ನೆಲೆಯಲ್ಲಿ ಪೀಟರ್ ಸಿಂಗರ್ 1972ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ನರಳುವವನು ಹತ್ತಿರದಲ್ಲಿದ್ದಾನೋ ಸಾವಿರಾರು ಮೈಲಿ ದೂರದಲ್ಲಿದ್ದಾನೋ ಎಂಬುದು ನೈತಿಕವಾಗಿ ಲೆಕ್ಕಕ್ಕೆ ಬಾರದೆಂದು ವಾದಿಸಿದರು. ದುಃಖದ ತೂಕದ ಮಟ್ಟಿಗೆ ಈ ವಾದ ಸರಿ. ತನ್ನ ಊರಿನವನ ಹಸಿವು ಪರವೂರಿನವನ ಹಸಿವಿಗಿಂತ ದೊಡ್ಡದೆಂದು ಹೇಳುವ ಸಮುದಾಯ ದತ್ತಿ ಸೋಲಲೇಬೇಕು. ಆದರೆ ಸಮೀಪತೆಗೆ ಇನ್ನೊಂದು ಸಮರ್ಥನೆ ಇದೆ. ಹತ್ತಿರವಿದ್ದಾಗ ಪಡೆಯುವವನು ದಾನಿಯನ್ನು ತಡೆದು ಕೇಳಬಲ್ಲ, ದಾನಿ ಉತ್ತರಿಸದೆ ಹೋಗಲಾರ. ದೂರದಿಂದ ಕೊಡುವ ಹಣ ಜೀವ ಉಳಿಸಬಲ್ಲದು, ಉಳಿಸುತ್ತಲೂ ಇದೆ. ಆದರೆ ಕೊಡುವ ಕಲೆಯನ್ನು ಕಲಿಸಬಲ್ಲುದು ಪ್ರಶ್ನೆ ಎದುರಾಗುವ ಸ್ಥಳ ಮಾತ್ರ. ಊರಿನಲ್ಲಿ ಕಲಿತವನು ದೂರಕ್ಕೂ ಚೆನ್ನಾಗಿ ಕೊಟ್ಟಾನು.

ಕರ್ನಾಟಕದಲ್ಲಿ ಈ ಸಮರ್ಥನೆಗೆ ಒಂದು ಕಠಿಣ ಪರೀಕ್ಷೆ ಇದೆ, ಏಕೆಂದರೆ ಇಲ್ಲಿ ಸಮುದಾಯವೆಂದಾಗ ಮೊದಲು ಮನಸ್ಸಿಗೆ ಬರುವುದು ಊರಲ್ಲ, ಜಾತಿ. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟುದು, ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರು ಛತ್ರ ಮತ್ತು ವಿದ್ಯಾರ್ಥಿನಿಲಯಗಳಿಗೆ ತಮ್ಮ ಸಂಪತ್ತನ್ನು ಮುಡಿಪಿಟ್ಟುದು, ಏಳು ಜನ ತರುಣ ಶಿಕ್ಷಕರು 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದುದು, ಒಕ್ಕಲಿಗರ ಸಂಘ ಮತ್ತಿತರ ಸಂಘಗಳು ನಗರಗಳಲ್ಲಿ ಹಾಸ್ಟೆಲುಗಳನ್ನು ತೆರೆದುದು, ವಾರಾನ್ನಕ್ಕೆ ಮನೆಗಳು ಸಿಗದಿದ್ದ ಹಳ್ಳಿಯ ಹುಡುಗರ ಎರಡು ತಲೆಮಾರನ್ನು ಪದವಿಯವರೆಗೆ ಮುಟ್ಟಿಸಿದವು. ಈ ಉಪಕಾರವನ್ನು ಕಡೆಗಣಿಸಿ ಇವುಗಳ ಜಾತಿಯ ಗಡಿಯನ್ನಷ್ಟೇ ಟೀಕಿಸುವುದು ನ್ಯಾಯವಲ್ಲ. ಆದರೆ ಆರಂಭದ ದಾನಿಗಳಿಗೆ ತಮ್ಮ ಜನರ ಅವಿದ್ಯೆ ಎದ್ದು ಕಂಡಂತೆ ಇಂದಿನ ವಾರಸುದಾರರಿಗೆ ಯಾರ ಅವಿದ್ಯೆ ಎದ್ದು ಕಾಣಬೇಕು ಎಂದು ಕೇಳದಿರುವುದೂ ನ್ಯಾಯವಲ್ಲ. ಹಿಂದುಳಿದಿದ್ದವರ ಒಂದು ಭಾಗ ಮುಂದೆ ಬಂದ ಮೇಲೂ ದತ್ತಿಯ ಬಾಗಿಲು ಮೊದಲಿನಷ್ಟೇ ಅಗಲವಾಗಿದ್ದರೆ ಅಕ್ಷರದ ಪಾಲನೆಯಾಯಿತು, ಉದ್ದೇಶದ ಪಾಲನೆಯಾಗಲಿಲ್ಲ. ಸಿದ್ಧಗಂಗೆಯ ಮಠ ಎಲ್ಲ ಜಾತಿಯ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸಿ ಓದಿಸುತ್ತ ಬಂದಿರುವುದು, ಈ ಬಾಗಿಲನ್ನು ಅಗಲ ಮಾಡುವುದಕ್ಕೆ ಪರಂಪರೆಯನ್ನು ಬಿಡಬೇಕಾಗಿಲ್ಲವೆಂಬುದಕ್ಕೆ ನಿದರ್ಶನ.

ಇಂದಿನ ಉದ್ಯಮಿ ಕುಟುಂಬಗಳ ಮಕ್ಕಳು ಕೊಡುವುದನ್ನು ಮೊದಲು ಕಾಣುವುದು ಬಹುಮಟ್ಟಿಗೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ (ಸಿ.ಎಸ್.ಆರ್.) ಕಡತಗಳಲ್ಲಿ. 2013ರ ಕಂಪನಿಗಳ ಕಾಯ್ದೆಯ 135ನೆಯ ಕಲಮು, ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ವಿನಿಯೋಗಿಸಬೇಕೆಂದೂ, ತಾವು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಹೇಳುತ್ತದೆ. ಹಣ ಹರಿಯುವುದಕ್ಕೆ ಇದು ದಾರಿ ಮಾಡಿದೆ. ಕಲಿಕೆಯ ದೃಷ್ಟಿಯಿಂದ ಮಾತ್ರ ಇದು ತಪ್ಪು ಶಾಲೆಯಾಗುವ ಸಂಭವವಿದೆ. ಮಾರ್ಚ್ 31ರೊಳಗೆ ಲೆಕ್ಕ ತೋರಿಸುವ ಒತ್ತಡದಲ್ಲಿ ಕಟ್ಟಡ, ಬೆಂಚು, ಕಂಪ್ಯೂಟರುಗಳು ಮೇಲೆ ಬರುತ್ತವೆ, ಹತ್ತು ವರ್ಷ ಹಿಡಿಯುವ ಕೆಲಸಗಳು ಹಿಂದೆ ಸರಿಯುತ್ತವೆ.

ದತ್ತಿಯ ವಾರಸುದಾರರು ದಾನಿಯ ಮಕ್ಕಳೇ ಆಗಬೇಕೆಂಬ ನಿಯಮವೇನೂ ಇಲ್ಲ. ಹಾಸ್ಟೆಲಿನ ಅನ್ನ ಉಂಡು ಓದಿದವರಲ್ಲಿ ಎಷ್ಟೋ ಜನ ಇಂದು ಎಂಜಿನಿಯರು, ವೈದ್ಯರು, ಅಧಿಕಾರಿಗಳಾಗಿ ತಮ್ಮ ಸಂಸ್ಥೆಗಳಿಗೆ ಹಣ ಕೊಡುತ್ತಿದ್ದಾರೆ. ಸಂಸ್ಥೆಗಳು ಅವರ ಚೆಕ್ಕನ್ನು ಸ್ವೀಕರಿಸಿ ಶಾಲು ಹೊದಿಸುತ್ತವೆ, ಸಭೆಗೆ ಕರೆಯುವುದು ಅಪರೂಪ. ದಸರೆ ರಜೆಗೆ ಅಡುಗೆಮನೆ ಮುಚ್ಚಿದಾಗ ಮನೆಗೆ ಹೋಗಲು ಬಸ್ಸಿನ ಹಣವಿಲ್ಲದ ಹುಡುಗ ಎಲ್ಲಿ ಉಣ್ಣುತ್ತಾನೆ, ಪರೀಕ್ಷೆಯ ಶುಲ್ಕದ ಕೊನೆಯ ದಿನಾಂಕಕ್ಕೂ ವಿದ್ಯಾರ್ಥಿವೇತನ ಕೈಸೇರುವ ದಿನಾಂಕಕ್ಕೂ ನಡುವೆ ಎಷ್ಟು ಅಂತರ, ಹುಡುಗಿಯರ ನಿಲಯದಲ್ಲಿ ರಾತ್ರಿ ಜ್ವರ ಬಂದರೆ ಯಾರು ಎದ್ದು ಬರುತ್ತಾರೆ, ಇವು ಸಮೀಕ್ಷೆಯ ನಮೂನೆಯಲ್ಲಿ ಸಿಗದ, ಅವರಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಇಂಥವರಿಗೆ ಟ್ರಸ್ಟಿನ ಆಡಳಿತದಲ್ಲಿ ಮತಾಧಿಕಾರವಿರುವ ಸ್ಥಾನಗಳನ್ನು ಕಾದಿರಿಸಿ, ವರಮಾನದ ಒಂದು ಭಾಗವನ್ನು ಈಗ ಅಲ್ಲೇ ಓದುತ್ತಿರುವ ವಿದ್ಯಾರ್ಥಿಗಳ ಸಮಿತಿಯ ನಿರ್ಣಯಕ್ಕೆ ಬಿಟ್ಟು, ದಾನಿಯ ಮೊಮ್ಮಗನನ್ನು ಆ ಸಮಿತಿಯಲ್ಲಿ ಒಂದೇ ಮತವಿರುವ ಸದಸ್ಯನನ್ನಾಗಿ ಕೂರಿಸಬಹುದು. ಹೊಸ ಡೀಡು ಬರೆಸುವವರು ಇದನ್ನು ಇಂದೇ ಬರೆಸಬಹುದು, ಹಳೆಯ ಡೀಡಿನ ವಿಶ್ವಸ್ತರು ತಮಗಿರುವ ವಿವೇಚನಾಧಿಕಾರ ಅನುಮತಿಸುವಷ್ಟನ್ನು ಬರುವ ವರ್ಷದಿಂದ ಆರಂಭಿಸಬಹುದು.